ಪೌಷ್ಟಿಕತೆಯಲ್ಲಿ ಎಂ.ಎಸ್ಸಿ.: ಏನು ವಿಚಾರಿಸಿ ಸೇರಬೇಕು?

ಪ್ರಶ್ನೆ: ಗೃಹವಿಜ್ಞಾನದಲ್ಲಿ ಪದವಿ ಮುಗಿಸಿದ್ದೇನೆ. ಸಾರ್ವಜನಿಕ ಆರೋಗ್ಯ ಪೌಷ್ಟಿಕತೆಯಲ್ಲಿ ಸ್ನಾತಕೋತ್ತರ ಓದುವಾಸೆ. ಕಾಲೇಜು ಆರಿಸುವಾಗ ಏನು ನೋಡಬೇಕು?
– ಓದುಗರೊಬ್ಬರು, ರಾಯಚೂರು

ಉತ್ತರ: ಮಕ್ಕಳ ತೂಕ, ಎತ್ತರ ಅಳೆಯುವುದನ್ನು ಹಳ್ಳಿಯಲ್ಲೇ ಕಲಿಸುತ್ತಾರೆಯೇ ಎಂದು ಮೊದಲು ಕೇಳಿ. ಪ್ರತಿ ವಿದ್ಯಾರ್ಥಿಯೂ ಹತ್ತು ಮಕ್ಕಳನ್ನು ಎರಡೆರಡು ಸಲ, ಮೊದಲ ಅಳತೆ ನೋಡದೆ ಅಳೆದು, ಮೇಲ್ವಿಚಾರಕರ ಅಳತೆಗೆ ಹೋಲಿಸಿ ನೋಡುವ ಪರೀಕ್ಷೆಯಿದ್ದರೆ ಧೈರ್ಯವಾಗಿ ಸೇರಿ. ಸಮೀಕ್ಷೆಗಳು ಕೆಡುವುದು ಹೆಚ್ಚಾಗಿ ಇಲ್ಲೇ. ಅಳತೆ ತಪ್ಪಿದರೆ ಯಾವ ಸಾಫ್ಟ್‌ವೇರ್ ಕೂಡ ಸರಿಪಡಿಸಲಾರದು.

ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿಯೇ ಅಳೆಯಬೇಕು. ನಿಲ್ಲಿಸಿದರೆ ಸುಮಾರು 0.7 ಸೆಂ.ಮೀ. ಕಡಿಮೆ ಬರುತ್ತದೆ, ಕುಂಠಿತ ಬೆಳವಣಿಗೆಯ ಲೆಕ್ಕ ಸುಮ್ಮನೆ ಏರುತ್ತದೆ. ವಯಸ್ಸನ್ನು ತಾಯಿ ಕಾರ್ಡ್ ನೋಡಿ ಬರೆಯಿರಿ. ಕಾರ್ಡ್ ಇಲ್ಲದಿದ್ದರೆ ಯುಗಾದಿಗೆ ಮುಂಚೆಯೋ, ಬಿತ್ತನೆ ಆದ ಮೇಲೋ ಎಂದು ಕೇಳಿ ತಿಂಗಳು ಗೊತ್ತುಮಾಡಿ. ಅಂದಾಜಿಗೆ ಬಿಟ್ಟರೆ ಎಲ್ಲ ಮಕ್ಕಳೂ 12, 24, 36 ತಿಂಗಳಿನವರಾಗಿಬಿಡುತ್ತಾರೆ!

ತೋಳಿನ ಸುತ್ತಳತೆಗೆ ಎಡ ಮೊಣಕೈ ಮಡಚಿಸಿ, ಭುಜದ ತುದಿಗೂ ಮೊಣಕೈ ತುದಿಗೂ ನಡುವೆ ಗುರುತು ಹಾಕಿ, ಆಮೇಲೆ ಕೈ ಇಳಿಬಿಡಿಸಿ ಟೇಪು ಸುತ್ತಬೇಕು. 6ರಿಂದ 59 ತಿಂಗಳ ಮಗುವಿಗೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ. ಟೇಪು ಸಡಿಲವಾದರೆ ಚಿಕಿತ್ಸೆ ಬೇಕಾದ ಮಗುವೇ ಕೈತಪ್ಪಿಹೋಗುತ್ತದೆ. ಎರಡೂ ಪಾದಗಳನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ, ಗುಳಿ ಉಳಿಯುತ್ತದೆಯೇ ನೋಡಿ. ಉಳಿದರೆ ಅದು ನೀರು ತುಂಬಿದ ಬಾವು; ಆ ನೀರು ತೂಕವನ್ನು ಹೆಚ್ಚಿಸಿ ತೋರಿಸುವುದರಿಂದ ತಕ್ಕಡಿಯೊಂದನ್ನೇ ನಂಬಬಾರದು.

ಹತ್ತಿರದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಿದೆ. 1918ರಲ್ಲಿ ಕೂನೂರಿನಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿನ ಅನ್ವಯಿಕ ಪೌಷ್ಟಿಕತೆಯ ಎಂ.ಎಸ್ಸಿ. ಬಗ್ಗೆ ವಿಚಾರಿಸಿ.

ಪ್ರಶ್ನೆ: ಕೆಲಸ ಬಿಡುವಂತಿಲ್ಲ. ದೂರಶಿಕ್ಷಣದಲ್ಲಿ ಓದಿದರೆ ನಡೆಯುತ್ತದೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಆಹಾರ, ಪೌಷ್ಟಿಕತೆಯ ಕೋರ್ಸುಗಳಿಗೆ ದೂರಶಿಕ್ಷಣದಲ್ಲಿ ಹೊಸ ಪ್ರವೇಶವನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2025ರಲ್ಲಿ ನಿಲ್ಲಿಸಿತು. ಸಂಖ್ಯಾಶಾಸ್ತ್ರ, ಪೋಷಕಾಂಶಗಳ ಪಾಠವನ್ನು ಮನೆಯಲ್ಲೇ ಓದಿಕೊಳ್ಳಬಹುದು. ಅಳತೆಯ ಕೈಕೆಲಸಕ್ಕೆ ಅಂಗನವಾಡಿ ಮೇಲ್ವಿಚಾರಕರ ಒಪ್ಪಿಗೆ ಪಡೆದು ಅಭ್ಯಾಸ ಮಾಡಲೇಬೇಕು. ನಿನ್ನೆಯಿಡೀ ಮಗು ಏನು ತಿಂದಿತೆಂದು ತಾಯಿಯನ್ನು ಕೇಳಿ ಬರೆಯುವುದನ್ನೂ ಕಲಿಯಿರಿ. ಮನೆಮಂದಿಗೆ 500 ಗ್ರಾಂ ಅಕ್ಕಿ ಹಾಕಿ, 8 ಲೋಟ ಅನ್ನವಾಗಿ, ಮಗು ಅರ್ಧ ಲೋಟ ಉಂಡಿದ್ದರೆ ಅದರ ಪಾಲು ಸುಮಾರು 31 ಗ್ರಾಂ ಅಕ್ಕಿ. ಲೋಟವನ್ನು ಆ ಮನೆಯಲ್ಲೇ ನೀರು ತುಂಬಿ ಅಳೆಯಿರಿ. ಎಣ್ಣೆ, ಬೆಲ್ಲ, ಅಂಗಡಿಯ ಬಿಸ್ಕತ್ತು, ರಾತ್ರಿಯ ಎದೆಹಾಲು ಇವನ್ನು ತಾಯಂದಿರು ತಾವಾಗಿ ಹೇಳುವುದು ಕಡಿಮೆ. ಒಂದೊಂದನ್ನೂ ಹೆಸರಿಟ್ಟು ಕೇಳಿ.