ಬಾವಿಗೆ ಒರತೆ ಬಂತು, ಬಿಂದಿಗೆ ಇಳಿಸಬಹುದೇ?

ಕೋಲಾರ ತಾಲ್ಲೂಕಿನ ಓದುಗರೊಬ್ಬರ ಪತ್ರ: 'ಇಪ್ಪತ್ತು ವರ್ಷದಿಂದ ಕಸ ತುಂಬಿಕೊಂಡು ಬಿದ್ದಿದ್ದ ನಮ್ಮ ತೆರೆದ ಬಾವಿಯಲ್ಲಿ, ಊರ ಕೆರೆಗೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಹರಿದ ಮೇಲೆ ಒರತೆ ಕಾಣಿಸಿದೆ. ಇದು ಎಷ್ಟು ಕಾಲ ನಿಂತೀತು? ಕುಡಿಯಬಹುದೇ?'

ಸಂಪಾದಕರ ಉತ್ತರ:

ಮಾನ್ಯರೇ, ಕುಡಿಯುವ ಮಾತು ಮೊದಲು. ಪರೀಕ್ಷೆ ಮಾಡಿಸುವ ತನಕ ಬೇಡ.

ನಿಮ್ಮ ನೆಲದಡಿ ಮೇಲುಗಡೆ ಇರುವುದು ಕೊಳೆತು ಸಡಿಲಾದ ಕಲ್ಲುಮಣ್ಣಿನ ಪದರ. ಅದರ ಕೆಳಗೆ ಗಟ್ಟಿ ಬಂಡೆ, ಬಂಡೆಯಲ್ಲಿ ಅಲ್ಲೊಂದು ಇಲ್ಲೊಂದು ಬಿರುಕು. ಏತ, ಕಪಿಲೆಯಿಂದ ನೀರೆತ್ತುವ ಕಾಲಕ್ಕೆ ಮೇಲಿನ ಪದರದ ನೀರೇ ಸಾಕಾಗುತ್ತಿತ್ತು. ಅದು ಬತ್ತಿತು, ಬೋರ್ ಕೊರೆದು ಸಾವಿರ ಅಡಿ ದಾಟಿ ಬಿರುಕು ಹುಡುಕಿಕೊಂಡು ಹೋದೆವು. ಅಲ್ಲಿಯ ನೀರು ಬಂಡೆಯ ಜೊತೆ ಬಹುಕಾಲ ಕೂತದ್ದು, ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ಮಕ್ಕಳ ಹಲ್ಲಿನ ಕಂದುಗೆರೆ ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಒರತೆ ಎದ್ದಿರುವುದು ಮೇಲಿನ ಪದರದಲ್ಲಿ. ಫ್ಲೋರೈಡ್ ಕಡಿಮೆ ಇದ್ದರೂ ಇರಬಹುದು, ಆದರೆ ಬಂದ ದಾರಿ ಬೇರೆ. ಬೆಂಗಳೂರಿನ ಕೊಳಚೆಯನ್ನು ಎರಡನೇ ಹಂತದವರೆಗಷ್ಟೇ (ಘನವಸ್ತು ತೆಗೆದು, ಸೂಕ್ಷ್ಮಜೀವಿಗಳಿಂದ ಕೊಳೆ ಕರಗಿಸುವ ತನಕ) ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್ ಕಳಿಸಲೆಂದು ರೂಪಿಸಿದ ಯೋಜನೆ ಇದು. ನೀರು ಹರಿದ 2018ರಲ್ಲೇ ನಿಮ್ಮ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು, ಹೈಕೋರ್ಟು ಕೆಲಕಾಲ ತಡೆ ಕೊಟ್ಟದ್ದು ನಿಮಗೆ ನೆನಪಿದ್ದೀತು. ನೊರೆಯಾದರೆ ಕಣ್ಣಿಗೆ ಬೀಳುತ್ತದೆ. ಕೊಳಚೆಯಿಂದ ಹುಟ್ಟುವ ನೈಟ್ರೇಟ್ ಲವಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗದು, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಬಾಟಲಿ ಹಾಲು ಕುಡಿಯುವ ಕೂಸಿರುವ ಮನೆಯಲ್ಲಂತೂ ಸಡಿಲ ಬಿಡಬಾರದು. ಹಾಗಂತ ಎಲ್ಲವನ್ನೂ ಬೆಂಗಳೂರಿನ ತಲೆಗೆ ಕಟ್ಟುವಂತಿಲ್ಲ. ಟೊಮೆಟೊ ಹೊಲಕ್ಕೆ ಸುರಿದ ಯೂರಿಯಾ, ಬಾವಿ ಪಕ್ಕದ ತಿಪ್ಪೆ ಇಳಿಯುವುದೂ ಅದೇ ಬಾವಿಗೆ. ಬೇಸಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಪರೀಕ್ಷೆಗೆ ಕೊಡಿ. ಫ್ಲೋರೈಡ್, ನೈಟ್ರೇಟ್, ಕೋಲಿಫಾರ್ಮ್ (ಮಲದ ಸೋಂಕು ಸೂಚಿಸುವ ಬ್ಯಾಕ್ಟೀರಿಯಾ) ಮೂರನ್ನೂ ಹೆಸರು ಹಿಡಿದು ಕೇಳಿ.

ಎಷ್ಟು ಕಾಲ ಎಂಬುದಕ್ಕೆ ನಾನು ಭರವಸೆ ಕೊಡಲಾರೆ. ನಿಮ್ಮ ಜಿಲ್ಲೆಯ ತಾಲ್ಲೂಕುಗಳು ವರ್ಷಗಳಿಂದ ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿವೆ, ಅಂದರೆ ಇಂಗುವುದಕ್ಕಿಂತ ಎತ್ತುವುದೇ ಹೆಚ್ಚು. ಒರತೆ ಕಂಡ ಖುಷಿಯಲ್ಲಿ ಅಕ್ಕಪಕ್ಕ ನಾಲ್ಕು ಬೋರ್ ಕೊರೆಸಿದರೆ ಬಂದದ್ದು ಬಂದ ಹಾಗೇ ಹೋಗುತ್ತದೆ. ಇನ್ನೊಂದು ಸಂಗತಿ: ಆ ಕೊಳಚೆಯಲ್ಲಿ ದೊಡ್ಡ ಪಾಲು ಬೆಂಗಳೂರು ಕುಡಿದು ಮಿಕ್ಕ ಕಾವೇರಿ. ಅಲ್ಲಿ ನಲ್ಲಿ ಸಣ್ಣಗಾದ ವರ್ಷ ನಿಮ್ಮ ಕೆರೆಯ ಪೈಪೂ ಸಣ್ಣಗಾದೀತು.

ಒಂದು ಕೆಲಸ ಮಾಡಿ. ವಾರಕ್ಕೊಮ್ಮೆ ಬಾವಿಗೆ ಹಗ್ಗ ಇಳಿಸಿ, ನೀರು ಎಷ್ಟು ಅಡಿಗಿದೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕೆರೆಗೆ ನೀರು ಬಾರದ ವಾರವನ್ನೂ ಬರೆದಿಡಿ. ಮುಂದಿನ ಯುಗಾದಿಗೆ ಆ ಕ್ಯಾಲೆಂಡರನ್ನು ನಮಗೆ ಕಳಿಸಿ, ಅಚ್ಚು ಹಾಕೋಣ.