ಕಬ್ಬು ಕಡಿಯಲು ಆಳು ಸಿಗದಿದ್ದರೆ ಬೆಳಗಾವಿಯ ಹಿಂಡಲಗಾ ಜೈಲಿನ ಕೈದಿಗಳನ್ನು ಕರೆತರಬಾರದೇ?

ಅಷ್ಟು ಸುಲಭವಿಲ್ಲ. ಕಡ್ಡಾಯವಾಗಿ ದುಡಿಸಬಹುದಾದದ್ದು ಕಠಿಣ ಶಿಕ್ಷೆಯಾದವರನ್ನು ಮಾತ್ರ. ದೇಶದ ಜೈಲುಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರೇ ಇದ್ದಾರೆ, ಅವರನ್ನು ಒತ್ತಾಯಿಸುವಂತಿಲ್ಲ. ದುಡಿದ ಕೈದಿಗೆ ನ್ಯಾಯಯುತ ಕೂಲಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ. ಪುಕ್ಕಟೆ ಆಳು ಎಂಬ ಲೆಕ್ಕ ಅಲ್ಲಿಗೇ ಮುಗಿಯಿತು.

ಇನ್ನು ಕೆಲಸದ ಮಾತು. ನಮ್ಮ ಗೋಕಾಕ ಕಡೆ ಮಹಾರಾಷ್ಟ್ರದ ಬೀಡ್‌ನಿಂದ ಬರುವ ಗ್ಯಾಂಗುಗಳನ್ನು ನೋಡಿ: ನಸುಕಿನಲ್ಲೇ ಗಂಡ ಕಬ್ಬನ್ನು ಮಣ್ಣಿಗೆ ತಾಗುವಂತೆ ಕಡಿದು, ರವದಿ (ಒಣ ಗರಿ) ಸವರಿ ಎಸೆಯುತ್ತಾನೆ, ಹೆಂಡತಿ ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಸಾಗಿಸುತ್ತಾಳೆ. ಬುಡದಲ್ಲಿ ಒಂದು ಗೇಣು ಉಳಿಸಿ ಕಡಿದರೆ ರೈತನಿಗೆ ತೂಕದಲ್ಲೇ ನಷ್ಟ. ಹೊಸಬರ ಕೈಗೆ ಇದು ಒಂದೇ ವಾರದಲ್ಲಿ ಬರುವುದಿಲ್ಲ. ಅದಿರಲಿ, ಕೈದಿಯ ಕೈಗೆ ಹರಿತವಾದ ಕುಡುಗೋಲು ಕೊಟ್ಟು ಆಳೆತ್ತರದ ಕಬ್ಬಿನೊಳಗೆ ಬಿಟ್ಟರೆ ಕಾವಲಿಗೆ ಎಷ್ಟು ಜನ ಬೇಕಾದೀತು?