ಚಿಕ್ಕಪೇಟೆ ನಡುವೆ ‘ಅಮ್ಮಾ, ಸುಸ್ಸು’ ಅಂದರೆ?

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ. ಮದುವೆ ಬಟ್ಟೆಗೆ ಅವಳನ್ನೂ ಕರೆದುಕೊಂಡು ಚಿಕ್ಕಪೇಟೆಗೆ ಹೋಗಬೇಕು. ಎರಡು ಗಲ್ಲಿ ದಾಟುವಷ್ಟರಲ್ಲಿ ‘ಸುಸ್ಸು’ ಅಂತಾಳೆ. ಹೊರಡುವಾಗ ನೀರು ಕೊಡದೇ ಇರಲಾ ಅಕ್ಕಾ?
– ಒಬ್ಬ ತಾಯಿ, ವಿಜಯನಗರ

ಉತ್ತರ: ಬೇಡಮ್ಮ, ನೀರು ಮಾತ್ರ ನಿಲ್ಲಿಸಬೇಡಿ. ಬಿಸಿಲಲ್ಲಿ ಮಗು ಬಾಡಿ ಹೋಗುತ್ತದೆ, ಉರಿಮೂತ್ರವೂ ಶುರುವಾಗಬಹುದು. ಮೆಟ್ರೋದಲ್ಲೇ ಹೋಗಿ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸ್ತೀರಲ್ವಾ, ಆಗ ನಿಲ್ದಾಣದ ಶೌಚಾಲಯಕ್ಕೆ ಕರೆದುಕೊಂಡು ಹೋಗಿ. ಅವಳು ಬೇಡ ಅಂದರೂ ಒಮ್ಮೆ ಕೂರಿಸಿ. ಪೇಟೆಯೊಳಗೆ ಮೊದಲು ದೊಡ್ಡ ಸೀರೆ ಅಂಗಡಿಗೇ ಹೋಗಿ, ಸಂಕೋಚ ಬಿಟ್ಟು ಕೇಳಿ. ಮಗುವಿಗೆ ಅಂದರೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ನಿಂತು ತಿನ್ನುವ ದರ್ಶಿನಿಗಳನ್ನು ನಂಬಬೇಡಿ, ಎಷ್ಟೋ ಕಡೆ ಕೈ ತೊಳೆಯುವ ನಲ್ಲಿ ಅಷ್ಟೇ. ದಾರಿಯಲ್ಲಿ ಪೆಟ್ರೋಲ್ ಬಂಕ್ ಸಿಕ್ಕರೆ ಅಲ್ಲೂ ಕೇಳಬಹುದು.

ಲೆಗಿಂಗ್ಸ್ ಬದಲು ಫ್ರಾಕ್ ಹಾಕಿ. ಒದ್ದೆ ನೆಲದಲ್ಲಿ ಲೆಗಿಂಗ್ಸ್ ಎಳೆದು ಬಿಚ್ಚುವಷ್ಟರಲ್ಲಿ ಕಾಲೆಲ್ಲ ನೆನೆಯುತ್ತದೆ. ಶೌಚಕ್ಕೆ ಕೂರುವ ಬೇಸಿನ್ ಅಗಲವಾಗಿದ್ದರೆ ಹಿಂದಿನಿಂದ ತೊಡೆ ಹಿಡಿದೆತ್ತಿ ಕೂರಿಸಿ. ಒಂದು ಬಾಟಲಿ ನೀರು, ಬೇರೆ ಚಡ್ಡಿ, ಚಿಲ್ಲರೆ ಕೈಲಿರಲಿ. ‘ಮೋರಿ ಪಕ್ಕ ಕೂರಿಸು’ ಅನ್ನುವವರ ಮಾತು ಕೇಳಬೇಡಿ. ಮಗುವಿಗೂ ನಾಚಿಕೆ ಇರುತ್ತದೆ.